ಸಂಘಟಿತರ ದನಿ, ಚದುರಿದವರ ಮೌನ

1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾರರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಸಿದ್ದು ನ್ಯಾಮಗೌಡರನ್ನು ಆರಿಸಿದಾಗ ನಾಡೇ ಅಚ್ಚರಿಪಟ್ಟಿತು. ಜಮಖಂಡಿ ಸೀಮೆಯನ್ನು ಬಲ್ಲವರಿಗೆ ಅದು ಅಷ್ಟೇನೂ ಅಚ್ಚರಿಯಾಗಿರಲಿಲ್ಲ. ಎರಡು ವರ್ಷ ಮೊದಲು, 1989ರಲ್ಲಿ, ಕೃಷ್ಣಾ ತೀರದ ರೈತರು ನ್ಯಾಮಗೌಡರ ಮುಂದಾಳತ್ವದಲ್ಲಿ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಕೊಂಡಿದ್ದರು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ ಬಂತು.

ಹಿತಾಸಕ್ತಿ ಗುಂಪುಗಳೆಂದರೆ ಮೂಗು ಮುರಿಯುವ ವಿದ್ಯಾವಂತರಿಗೆ ಈ ಪ್ರಸಂಗವನ್ನು ನೆನಪಿಸಬಯಸುತ್ತೇನೆ. ಜನ ತಮ್ಮ ಹಿತಕ್ಕಾಗಿ ಒಗ್ಗೂಡುವುದು ಪ್ರಜಾಪ್ರಭುತ್ವದ ರೋಗವಲ್ಲ. ಎಲ್ಲರೂ ಒಂದೇ ಸಲೀಸಿನಲ್ಲಿ ಒಗ್ಗೂಡಲಾರರು ಎಂಬಲ್ಲಿ ತೊಡಕಿದೆ. ಲಾಭ ಕೆಲವರಲ್ಲೇ ಹಂಚಿಕೆಯಾಗುವಲ್ಲಿ ಸಂಘಟನೆ ಸುಲಭ, ಸಾವಿರಾರು ಜನರಲ್ಲಿ ಚದುರಿದಲ್ಲಿ ಕಷ್ಟ ಎಂದು ಅರ್ಥಶಾಸ್ತ್ರಜ್ಞ ಮನ್ಕರ್ ಓಲ್ಸನ್ 1965ರಲ್ಲೇ ವಾದಿಸಿದ್ದರು. ಅವರ ಪುಸ್ತಕವನ್ನು ಎಂ.ಎ. ತರಗತಿಯಲ್ಲಿ ಓದಿದ್ದೆ, ಅದರ ಅರ್ಥ ತಿಳಿದದ್ದು ನೌಕರಿಗೆ ಸೇರಿದ ಮೇಲೆ.

ಸಕ್ಕರೆಯನ್ನೇ ನೋಡಿ. ಕಾರ್ಖಾನೆ ಮಾಲೀಕರು ಬೆರಳೆಣಿಕೆಯಷ್ಟು. ಅವರಲ್ಲಿ ಕೆಲವರು ಶಾಸಕರೂ ಸಚಿವರೂ ಆಗಿದ್ದಾರೆ. ಅದೂ ಒಂದೇ ಪಕ್ಷದಲ್ಲಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಶೇ 15ರ ಬಡ್ಡಿ. ಆದರೂ ಬಾಕಿಗಾಗಿ ಬೆಳೆಗಾರ ಬೀದಿಗಿಳಿದದ್ದು ಎಷ್ಟು ಸಲವೋ! 2025ರ ನವೆಂಬರ್‌ನಲ್ಲಿ ಗುರ್ಲಾಪುರದ ಧರಣಿ ಕಾವೇರಿದ ಮೇಲೆಯೇ ಮುಖ್ಯಮಂತ್ರಿಗಳು ಸಭೆ ಕರೆದು ಟನ್ನಿಗೆ 3,300 ರೂಪಾಯಿ ಘೋಷಿಸಿದರು. ಮುಧೋಳದ ರೈತರು ಅದನ್ನೂ ಒಪ್ಪದೆ ಹೋರಾಟ ಮುಂದುವರಿಸಿದರು. ಬೆಳೆಗಾರರಿಗೆ ಹೆದ್ದಾರಿ ತಡೆಯುವ ಬಲವಾದರೂ ಇತ್ತು.

ಇಳಕಲ್ಲಿನ ನೇಕಾರನಿಗೆ ಅದೂ ಇಲ್ಲ. ಮನೆಯ ಕುಣಿಮಗ್ಗದಲ್ಲಿ ಕುಳಿತು, ಒಡಲಿಗೂ ಟೋಪ ತೆನಿ ಸೆರಗಿಗೂ ಕೊಂಡಿ ಹಾಕುತ್ತಾ, ಸಾಹುಕಾರ ಕೊಟ್ಟ ನೂಲಿಗೆ ಕೂಲಿ ಪಡೆಯುವವನು ಒಂದು ದಿನ ಮಗ್ಗ ನಿಲ್ಲಿಸಿದರೆ ವಿಧಾನಸೌಧಕ್ಕೆ ಸುದ್ದಿ ಮುಟ್ಟುವುದಿಲ್ಲ, ಅವನ ಒಲೆಗೆ ಮುಟ್ಟುತ್ತದೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು. ವಿದ್ಯುತ್ ಮಗ್ಗದವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1993ರಲ್ಲಿ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ ಏನಾಯಿತು? 22 ಬಗೆಯ ಬಟ್ಟೆಗಳಿದ್ದ ಪಟ್ಟಿ 11ಕ್ಕೆ ಇಳಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಪೇಟೆಯಲ್ಲಿ ಅದರ ವಿದ್ಯುತ್ ಮಗ್ಗದ ನಕಲೂ ಇದೆ. ಹುನಗುಂದ, ಇಳಕಲ್ ಸುತ್ತಲಿನ ಕೆಂಪು ಗ್ರಾನೈಟ್ ಕ್ವಾರಿಗಳ ಕಲ್ಲು ಕಡಿಯುವವರ ಕಥೆಯೂ ಬಹಳ ಭಿನ್ನವಲ್ಲ.

ಸಂಘಟನೆಗೆ ಹಣ ಕೂಡಿದರೆ ಅಂತರ ಇನ್ನೂ ಹಿಗ್ಗುತ್ತದೆ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರ ಎದುರು ಗೆದ್ದದ್ದು 1,696 ಮತಗಳಿಂದ. ಗೆಲುವು ಇಷ್ಟು ಕಿರಿದಾದಲ್ಲಿ ಒಟ್ಟಾಗಿ ಮತ ಹಾಕಿಸಬಲ್ಲವರ ಮಾತಿಗೆ ಯಾವ ಪಕ್ಷವಾದರೂ ಕಿವಿಗೊಡಲೇಬೇಕು. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ ಆಗ 28 ಲಕ್ಷ ರೂಪಾಯಿ. 2022ರಲ್ಲಿ 40 ಲಕ್ಷವಾಯಿತು. ಪಕ್ಷದ ವೆಚ್ಚಕ್ಕೆ ಮಾತ್ರ ಮಿತಿಯೇ ಇಲ್ಲ. ಸೇವೆಯಲ್ಲಿದ್ದಾಗ ಚುನಾವಣಾ ವೆಚ್ಚದ ವಹಿಗಳನ್ನು ನೋಡಿದ್ದೇನೆ. ಚಹಾ, ಕುರ್ಚಿ, ಹೂಮಾಲೆಗೆಲ್ಲ ದರಪಟ್ಟಿಯುಂಟು. ನಿಜವಾದ ಹಣ ಆ ವಹಿಯ ಹತ್ತಿರವೂ ಸುಳಿಯುವುದಿಲ್ಲ.

2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದುಗೊಳಿಸಿ, ಯಾರು ಯಾರಿಗೆ ಕೊಟ್ಟರೆಂದು ತಿಳಿಯುವ ಹಕ್ಕು ಮತದಾರನಿಗಿದೆ ಎಂದಿತು. ಅದೇ ತರ್ಕವನ್ನು ಜಿಲ್ಲೆಗೂ ತರಬಹುದಲ್ಲವೇ? ಕಬ್ಬಿನ ಬೆಲೆ, ಕ್ವಾರಿ ಗುತ್ತಿಗೆ, ನೇಕಾರರ ಸಹಾಯಧನ ನಿರ್ಧಾರವಾಗುವ ಸಭೆಗಳಲ್ಲಿ ಕೂರುವ ಜನಪ್ರತಿನಿಧಿಗಳು ಆ ಉದ್ಯಮದಲ್ಲಿ ತಮಗೂ ತಮ್ಮ ಕುಟುಂಬಕ್ಕೂ ಇರುವ ಪಾಲನ್ನು ಮೊದಲೇ ಲಿಖಿತವಾಗಿ ಪ್ರಕಟಿಸಲಿ. ಪಾಲಿದ್ದವರು ಆ ವಿಷಯ ಬಂದಾಗ ಎದ್ದು ಹೊರಗೆ ನಿಲ್ಲಲಿ. ತೆರವಾದ ಕುರ್ಚಿಗಳಲ್ಲಿ ಒಂದನ್ನು ಇಳಕಲ್ಲಿನ ಮಗ್ಗದ ಮನೆಯವರಿಗೆ ಕೊಡಬಹುದು.