ಡಿಎಸ್ಎಲ್ಆರ್ ಇದ್ಯಾ ಅಂತ ಕೇಳೋರಿಗೆ

1/8
ಕಳೆದ ತಿಂಗಳು ಒಂದು ಕಾಲೇಜ್ ಫೆಸ್ಟ್ ಇತ್ತು. ಫೋಟೋಗ್ರಫಿ ಸ್ಪರ್ಧೆ, ವಿಷಯ ‘ನಮ್ಮ ಜಿಲ್ಲೆ’. ಯಾವ ಕಾಲೇಜು ಅಂತ ನಾನು ಹೇಳಲ್ಲ, ಗೊತ್ತಿರೋರು ಕಾಮೆಂಟಲ್ಲೂ ಹಾಕ್ಬೇಡಿ, ಜಗಳ ಅದಲ್ಲ. ನಾನೂ ನನ್ನ ಕ್ಲಾಸ್‌ಮೇಟ್ ಒಬ್ಬಳೂ ಹೆಸರು ಕೊಡೋಕೆ ಹೋದ್ವಿ. ನನ್ನ ಹತ್ರ ಮಾವನ ಹಳೇ ಪವರ್‌ಶಾಟ್, 2009ರಲ್ಲಿ ತಗೊಂಡಿದ್ದು, 10 ಮೆಗಾಪಿಕ್ಸೆಲ್. ಅವಳ ಹತ್ರ ಗಾಜು ಸೀಳಿರೋ ಫೋನು. ಟೇಬಲ್ ಹಿಂದೆ ಕೂತಿದ್ದವನು ಫಾರ್ಮ್ ಕೂಡ ಕೊಡ್ಲಿಲ್ಲ. ‘ಡಿಎಸ್ಎಲ್ಆರ್ ಇದ್ಯಾ? ಮಿರರ್‌ಲೆಸ್? ಇಲ್ವಾ? ಹಂಗಾದ್ರೆ ರೀಲ್ಸ್ ಸ್ಪರ್ಧೆಗೆ ಹೋಗಿ.’ ಹಿಂದೆ ನಿಂತಿದ್ದೋರು ನಕ್ಕರು. ನಾನೂ ನಕ್ಕೆ, ಅದೇ ಬೇಜಾರು. ಅವಳು ನಗಲಿಲ್ಲ.

ಈ ಪೋಸ್ಟು ಅವಳ ಒಪ್ಪಿಗೆ ತಗೊಂಡೇ ಬರೀತಿರೋದು. ಹೆಸರು ಬೇಡ ಅಂದಳು.

2/8
ಅವತ್ತು ಅವಳು ಕೊಡಬೇಕು ಅಂತಿದ್ದ ಫೋಟೋ ಯಾವುದು ಗೊತ್ತಾ? ಬೆಳಿಗ್ಗೆ ಆರು ಗಂಟೆ, ಚೆಂಡುಹೂವಿನ ಹೊಲ, ಮಂಜು ಇನ್ನೂ ಬಿಟ್ಟಿಲ್ಲ. ಅವಳ ಅವ್ವ ಬಗ್ಗಿ ಹೂ ಕೀಳ್ತಿದಾರೆ. ಮುಖ ಕಾಣಲ್ಲ. ಕಾಣೋದು ಎರಡು ಕೈ, ಹೂವಿನ ಬಣ್ಣ ಹತ್ತಿ ಕಪ್ಪಾಗಿರೋ ಬೆರಳು, ಪಕ್ಕದಲ್ಲಿ ಅರ್ಧ ತುಂಬಿದ ಚೀಲ. ನಮ್ಮ ಕಡೆ ಚೆಂಡುಹೂವು ಬರೀ ಹಾರಕ್ಕಲ್ಲ, ಬಣ್ಣ ತೆಗೆಯೋ ಫ್ಯಾಕ್ಟರಿಗೂ ಹೋಗುತ್ತೆ, ಅದಕ್ಕೆ ಎಕರೆಗಟ್ಟಲೆ ಬೆಳೀತಾರೆ. ಅಷ್ಟು ಹೂ ಕೀಳೋದು ಯಾರ ಕೈ ಅಂತ ಆ ಫೋಟೋ ನೋಡಿದ್ರೆ ಒಂದೇ ಸಲಕ್ಕೆ ಗೊತ್ತಾಗುತ್ತೆ.

ಗೆದ್ದ ಫೋಟೋನೂ ಹೂವಿನ ಹೊಲದ್ದೇ. ಸೂರ್ಯಕಾಂತಿ, ಮಧ್ಯೆ ಗೌನ್ ಹಾಕ್ಕೊಂಡ ಮಾಡೆಲ್, ಹಿಂದೆಲ್ಲ ಬ್ಲರ್. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಅದು ನಮ್ಮ ಜಿಲ್ಲೆನಾ? ಅದನ್ನ ಎಲ್ಲಿ ಬೇಕಾದ್ರೂ ತೆಗೀಬಹುದಿತ್ತು.

3/8
ಜೂನ್-ಜುಲೈ ಬಂತು ಅಂದ್ರೆ ಗುಂಡ್ಲುಪೇಟೆ ರಸ್ತೆ ನೋಡಿದೀರಲ್ಲ. ಊಟಿಗೆ, ವಯನಾಡಿಗೆ ಹೋಗೋ ಕಾರುಗಳೆಲ್ಲ ಹೊಲದ ಪಕ್ಕ ನಿಲ್ತವೆ. ದೊಡ್ಡ ಕ್ಯಾಮೆರಾ ಇಳಿಯುತ್ತೆ, ಗಿಡ ತುಳೀತಾರೆ, ಹತ್ತು ನಿಮಿಷ, ಹೋದ್ರು. ಕೆಲವು ರೈತರು ಈಗ ಒಳಗೆ ಬರೋಕೆ ದುಡ್ಡು ಇಸ್ಕೊಳ್ತಾರೆ, ಇಸ್ಕೊಳ್ಳಲಿ ಬುಡಿ. ನನ್ನ ಮಾತು ಏನಂದ್ರೆ, ಹರವೆ, ತೆರಕಣಾಂಬಿ, ಗುಂಡ್ಲುಪೇಟೆ ಅಂತ ಸರ್ಚ್ ಮಾಡಿದ್ರೆ ಬರೋ ಫೋಟೋಗಳಲ್ಲಿ ಮುಕ್ಕಾಲು ಭಾಗ ಹತ್ತು ನಿಮಿಷ ನಿಂತು ಹೋದೋರದ್ದು. ಅರಿಶಿನ ಬೇಯಿಸೋದು, ಸಂತೆಗೆ ಬೆಳಗಿನ ಜಾವ ಈರುಳ್ಳಿ ಇಳಿಯೋದು, ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ನಮ್ಮೂರಿಂದ ತುಂಬಿ ಹೋಗೋ ಬಸ್ಸು, ಇವು ಎಲ್ಲಿ? ಇದನ್ನೆಲ್ಲ ದಿನಾ ನೋಡೋದು ನಾವು. ನಮಗೇ ‘ನಿನ್ನ ಹತ್ರ ಕ್ಯಾಮೆರಾ ಇಲ್ಲ, ಕೂತ್ಕೋ’ ಅಂದ್ರೆ ಇನ್ಯಾರು ತೆಗೀತಾರೆ?

4/8
ಈಗ ಅಸಲಿ ವಿಷಯ. ಫೆಸ್ಟ್ ಆಗಿ ನಾಲ್ಕು ದಿನಕ್ಕೆ ಅವಳು ಒಂದು ಪಾಂಪ್ಲೆಟ್ ತಂದಳು. ಕ್ಯಾಮೆರಾ ಜೊತೆಗೆ 18–55 ಲೆನ್ಸ್, 60,000 ರೂಪಾಯಿ, 24 ತಿಂಗಳ ಕಂತು, ಬಡ್ಡಿ 12% ಫ್ಲಾಟ್. ‘ಕ್ಯಾಮೆರಾ ಇಲ್ದೆ ನಾನು ಲೆಕ್ಕಕ್ಕೇ ಇಲ್ವಲ್ಲೋ’ ಅಂದಳು.

ಬಿಕಾಂ ಓದಿ ಏನು ಪ್ರಯೋಜನ ಅಂತ ಕೇಳ್ತೀರಲ್ಲ, ಇದೇ ಪ್ರಯೋಜನ. ನೋಟ್‌ಬುಕ್ ತೆಗೆದು ಕೂತ್ವಿ. 60,000ಕ್ಕೆ ಎರಡು ವರ್ಷದ ಫ್ಲಾಟ್ ಬಡ್ಡಿ 14,400. ಒಟ್ಟು 74,400. ತಿಂಗಳಿಗೆ 3,100. ಫ್ಲಾಟ್ ಅಂದ್ರೆ ನೀವು ಸಾಲ ತೀರಿಸ್ತಾ ಬಂದ್ರೂ ಬಡ್ಡಿ ಮಾತ್ರ ಪೂರ್ತಿ 60,000ದ ಮೇಲೇ ಬೀಳ್ತಿರುತ್ತೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದ್ರೆ ಅದು 12% ಅಲ್ಲ, ವರ್ಷಕ್ಕೆ ಸುಮಾರು 21.5%. ನಂಬಿಕೆ ಇಲ್ದಿದ್ರೆ ಎಕ್ಸೆಲ್‌ನಲ್ಲಿ ರೇಟ್ ಫಾರ್ಮುಲಾ ಹಾಕಿ ನೋಡಿ. ಇದ್ರ ಮೇಲೆ ಪ್ರೊಸೆಸಿಂಗ್ ಫೀಸು, ಬ್ಯಾಗು, ಕಾರ್ಡು ಬೇರೆ. ಡಿಪ್ರಿಸಿಯೇಶನ್ ನಾನು ಹೇಳಿಕೊಡಬೇಕಾಗಿಲ್ಲ, ಡಬ್ಬ ಬಿಚ್ಚಿದ ದಿನವೇ ಅದು ಸೆಕೆಂಡ್ ಹ್ಯಾಂಡ್.

ಅವಳ ಅವ್ವನಿಗೆ ದಿನಕ್ಕೆ 350 ಕೂಲಿ. 3,100 ಅಂದ್ರೆ ತಿಂಗಳಲ್ಲಿ ಒಂಬತ್ತು ದಿನ ಬಗ್ಗಿ ಹೂ ಕೀಳಬೇಕು. ಎರಡು ವರ್ಷ, ಪ್ರತಿ ತಿಂಗಳೂ. ಯಾರೋ ಟೇಬಲ್ ಹಿಂದೆ ಕೂತೋನು ನಕ್ಕ ಅಂತ.

5/8
‘ಆದ್ರೂ ಕ್ವಾಲಿಟಿ ಗುರೂ’ ಅಂತೀರ. ಸರಿ, ಕ್ವಾಲಿಟಿನೇ ಮಾತಾಡೋಣ. ಇಲ್ಲಿ ನೀವು ನೋಡ್ತಿರೋ ನಿಲುವಿನ ಫೋಟೋ 1080×1350 ಪಿಕ್ಸೆಲ್. ಗುಣಿಸಿ. ಒಂದೂವರೆ ಮೆಗಾಪಿಕ್ಸೆಲ್ ಕೂಡ ಆಗಲ್ಲ. ಮಾವನ 10 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದಿದ್ದು 12×9 ಇಂಚು ಪ್ರಿಂಟ್ ಹಾಕಿದ್ರೂ ಗಟ್ಟಿಯಾಗಿ ಬರುತ್ತೆ, ನಾನು ಹಾಕ್ಸಿದೀನಿ.

ದೊಡ್ಡ ಕ್ಯಾಮೆರಾ ಎಲ್ಲಿ ಗೆಲ್ಲುತ್ತೆ ಅನ್ನೋದನ್ನೂ ಹೇಳ್ತೀನಿ, ಮುಚ್ಚಿಡಲ್ಲ. ಸಾಮಾನ್ಯ ಕಾಂಪ್ಯಾಕ್ಟ್‌ನ ಸೆನ್ಸರ್ ಸುಮಾರು 6×4.5 ಮಿಲಿಮೀಟರ್, ನಿಮ್ಮ ಕಿರುಬೆರಳ ಉಗುರಿಗಿಂತ ಚಿಕ್ಕದು. ಡಿಎಸ್ಎಲ್ಆರ್‌ದು ವಿಸ್ತೀರ್ಣದಲ್ಲಿ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಬೆಳಕು ಕಮ್ಮಿ ಆದಾಗ ಈ ವ್ಯತ್ಯಾಸ ಕಾಣುತ್ತೆ. ರಾತ್ರಿ ಜಾತ್ರೇಲಿ ಬೀಸು ಕಂಸಾಳೆ ತೆಗೀಬೇಕು ಅಂದ್ರೆ ನನ್ನ ಕ್ಯಾಮೆರಾ ಕೈ ಎತ್ತುತ್ತೆ, ಬರೀ ಗೆರೆ ಬರುತ್ತೆ. ಬಂಡೀಪುರದಲ್ಲಿ ದೂರದ ಹಕ್ಕಿ ಬೇಕು ಅಂದ್ರೂ ಇದರಲ್ಲಿ ಆಗಲ್ಲ. ಅದೇ ನಿಮ್ಮ ಆಸೆ ಆಗಿದ್ರೆ ದುಡ್ಡು ಕೂಡಿಟ್ಟು ತಗೊಳ್ಳಿ, ನಾನು ಬೇಡ ಅನ್ನಲ್ಲ. ಆದ್ರೆ ಎದೆ ಮುಟ್ಕೊಂಡು ಹೇಳಿ, ನೀವು ತೆಗೀತಿರೋದು ಹಕ್ಕಿನಾ? ಬಸ್ ಸ್ಟ್ಯಾಂಡು, ಟೀ ಅಂಗಡಿ, ಅಜ್ಜಿ, ಹಸು, ಫ್ರೆಂಡ್ಸ್. ಇದಕ್ಕೆ ಜೇಬಲ್ಲಿರೋದು ಸಾಕು.

6/8
ಸಾಕು ಅಷ್ಟೇ ಅಲ್ಲ, ಎಷ್ಟೋ ಸಲ ಅದೇ ವಾಸಿ. ದೊಡ್ಡ ಲೆನ್ಸ್ ಎತ್ತಿದ್ರೆ ನಮ್ಮೂರಲ್ಲಿ ಜನ ಸೆಟೆದು ನಿಲ್ತಾರೆ, ಇಲ್ಲಾ ‘ಯಾವ ಪೇಪರ್‌ಗಪ್ಪ?’ ಅಂತಾರೆ. ಚಿಕ್ಕದಾದ್ರೆ ಮಾತಾಡ್ತಾನೇ ತೆಗೀಬಹುದು, ಕೇಳಿ ತೆಗೀಬಹುದು, ತೋರಿಸಿ ನಗಿಸಬಹುದು.

ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದೂ ಆ ಕಾಲಕ್ಕೆ ಚಿಕ್ಕ ಕ್ಯಾಮೆರಾನೇ. ಕಾರ್ಟಿಯೇ ಬ್ರೆಸಾನ್ ಲೈಕಾ ಹಿಡ್ಕೊಂಡೇ ಬೀದಿ ಸುತ್ತಿದ್ದು, 1948ರ ಜನವರಿಲಿ ಗಾಂಧೀಜಿಯ ಕೊನೇ ದಿನಗಳ ಫೋಟೋ ತೆಗೆದಿದ್ದು. ಅಷ್ಟು ದೂರ ಬೇಡ, ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದಾರೆ. 1977ರಲ್ಲಿ ಪದ್ಮಶ್ರೀ ಬಂದಿದೆ. ಅವರ ಹತ್ರ ಒಳ್ಳೇ ಕ್ಯಾಮೆರಾಗಳೇ ಇದ್ವು, ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಅವರ ಫೋಟೋ ತೆಗೆದು ನೋಡಿ: ಶಾಲೆ ಮಕ್ಕಳು, ಕೆಲಸ ಮಾಡೋ ಜನ, ಬೀದಿ, ಮನೆ. ನಮ್ಮ ಸುತ್ತ ಇರೋದೇ. ಅವರನ್ನ ದೊಡ್ಡೋರು ಮಾಡಿದ್ದು ಯಾರನ್ನ ನೋಡಿದ್ರು ಅನ್ನೋದು.

7/8
ಈಗ ಇನ್ನೊಂದು ಗುಂಪಿಗೆ. ‘ಹಂಗಾದ್ರೆ ಡಿಜಿಕ್ಯಾಮ್ ತಗೋತೀನಿ, ವಿಂಟೇಜ್ ಲುಕ್’ ಅಂತ ಡಿಎಂ ಮಾಡೋರು. ನಿಲ್ಲಿ! 2010ರಲ್ಲಿ ಜಗತ್ತಿನಲ್ಲಿ 10 ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾ ಹೊರಟಿದ್ವು. 2023ರಲ್ಲಿ 20 ಲಕ್ಷವೂ ಇಲ್ಲ. ಅಷ್ಟೊಂದು ಕ್ಯಾಮೆರಾ ಎಲ್ಲಿ ಹೋದ್ವು? ಬೀರುವಿನಲ್ಲಿ, ಮದುವೆ ಆಲ್ಬಮ್ ಕೆಳಗೆ. ಮೊದಲು ಮನೇಲಿ ಹುಡುಕಿ, ಚಿಕ್ಕಪ್ಪನ್ನ ಕೇಳಿ. ಟ್ರೆಂಡ್ ನೋಡಿ ಹಳೇ ಡಬ್ಬಕ್ಕೆ ಹತ್ತು ಸಾವಿರ ಕೊಟ್ರೆ ನೀವೂ ಆ ಟೇಬಲ್ ಹಿಂದೆ ಕೂತೋನೂ ಒಂದೇ.

ತಗೊಳ್ಳೋದೇ ಆದ್ರೆ ನೋಡ್ಬೇಕಾದ್ದು:
– ಆನ್ ಮಾಡಿ ಆಫ್ ಮಾಡಿ, ಲೆನ್ಸ್ ಸಲೀಸಾಗಿ ಹೊರಗೆ ಬಂದು ಒಳಗೆ ಹೋಗ್ಬೇಕು. ಕಿರಗುಟ್ಟಿದ್ರೆ ಬಿಟ್ಬಿಡಿ.
– ಟಾರ್ಚ್ ಬಿಟ್ಟು ಲೆನ್ಸ್ ನೋಡಿ, ಒಳಗೆ ಬಲೆ ಥರ ಕಂಡ್ರೆ ಅದು ಫಂಗಸ್.
– ಬ್ಯಾಟರಿ, ಚಾರ್ಜರ್ ಈಗಲೂ ಸಿಗುತ್ತಾ ಕೇಳಿ.
– ಕಾರ್ಡ್ ಯಾವುದು? ಎಕ್ಸ್‌ಡಿ ಕಾರ್ಡಿಂದು ಬೇಡ. ತುಂಬಾ ಹಳೇದಾದ್ರೆ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಓದಲ್ಲ.
– ಆಪ್ಟಿಕಲ್ ಝೂಮ್ ಮಾತ್ರ ಲೆಕ್ಕ. ಡಿಜಿಟಲ್ ಝೂಮ್ ಅಂದ್ರೆ ಬರೀ ಕ್ರಾಪ್.

ಬಳಸೋವಾಗ: ಫ್ಲ್ಯಾಶ್ ಆಫ್. ಬಟನ್ ಅರ್ಧ ಒತ್ತಿ ಫೋಕಸ್ ಹಿಡಿದು ಕಾಯಿರಿ, ಆಮೇಲೆ ಪೂರ್ತಿ ಒತ್ತಿ, ತಡ ಆಗಲ್ಲ. ಸಂಜೆ ಆದ್ರೆ ಗೋಡೆ ಮೇಲಿಟ್ಟು 2 ಸೆಕೆಂಡ್ ಟೈಮರ್ ಹಾಕಿ, ಅದೇ ಟ್ರೈಪಾಡ್. ಝೂಮ್ ಮಾಡೋ ಬದಲು ಎರಡು ಹೆಜ್ಜೆ ಮುಂದೆ ಹೋಗಿ. (ಬಂಡೀಪುರ ರಸ್ತೇಲಿ ಮಾತ್ರ ಗಾಡಿಯಿಂದ ಇಳೀಬೇಡಿ, ಆನೆಗೆ ನಿಮ್ಮ ಕ್ಯಾಮೆರಾ ಯಾವುದಾದ್ರೂ ಒಂದೇ.)

8/8
ಫೆಸ್ಟ್ ನಡೆಸೋ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದೇ ಕೇಳ್ಕೊಳ್ಳೋದು. ಮುಂದಿನ ವರ್ಷ ಫಾರ್ಮಿಂದ ಆ ಒಂದು ಸಾಲು ತೆಗೀರಿ. ನಿಯಮ ಬೇಕಾದ್ರೆ ಬೇರೆ ಹಾಕಿ: ನೀವೇ ತೆಗೆದಿರಬೇಕು, ಈ ಜಿಲ್ಲೇಲೇ ತೆಗೆದಿರಬೇಕು, ಫೋಟೋದಲ್ಲಿರೋರನ್ನ ಕೇಳಿ ತೆಗೆದಿರಬೇಕು. ಕ್ಯಾಮೆರಾ ಹೆಸರು ಮುಚ್ಚಿಟ್ಟು ಪ್ರಿಂಟ್ ಮಾತ್ರ ಜಡ್ಜ್ ಕೈಗೆ ಕೊಡಿ. ಆಮೇಲೆ ಯಾರು ಗೆದ್ರೂ ನಾನೇ ಮೊದಲು ಚಪ್ಪಾಳೆ ತಟ್ತೀನಿ.

ನಿಮಗೆ, ಇಲ್ಲಿವರೆಗೂ ಓದಿದೋರಿಗೆ: ಒಂದು ವರ್ಷ ಇರೋದ್ರಲ್ಲೇ ತೆಗೀರಿ. ‘ಇಂಥ ಫೋಟೋ ಇದರಲ್ಲಿ ಆಗ್ಲಿಲ್ಲ, ಇಂಥ ಕಾರಣಕ್ಕೆ ಆಗ್ಲಿಲ್ಲ’ ಅಂತ ಬಾಯಿಬಿಟ್ಟು ಹೇಳೋಕೆ ಬಂದ ದಿನ ಹೊಸದು ತಗೊಳ್ಳಿ. ಅಲ್ಲಿವರೆಗೂ ಕಂತು ಬೇಡ.

ಅವಳು ಪಾಂಪ್ಲೆಟ್ ಹಿಂಭಾಗದಲ್ಲಿ ಲೆಕ್ಕ ಮಾಡಿದ್ದಳಲ್ಲ, ಅದನ್ನೇ ಮಡಚಿ ಫೋನ್ ಕವರ್ ಒಳಗೆ ಇಟ್ಕೊಂಡಿದಾಳೆ. ನಿನ್ನೆ ಬೆಳಿಗ್ಗೆ ಬಸ್ಸಲ್ಲಿ ಹೊಸ ಫೋಟೋ ತೋರಿಸಿದಳು. ಹೂವಿನ ಚೀಲದ ಮೇಲೆ ಅವ್ವ ಕೂತಿದಾರೆ, ಈ ಸಲ ಮುಖ ಕಾಣುತ್ತೆ, ನಗ್ತಿದಾರೆ. ಕೊನೇ ಸ್ಲೈಡ್ ಅದೇ. ಅವ್ವನ್ನೂ ಕೇಳಿಯೇ ಹಾಕಿದೀನಿ. ಸ್ವೈಪ್ ಮಾಡಿ.

ಮನೇಲಿ ಸಿಕ್ಕ ಹಳೇ ಕ್ಯಾಮೆರಾದಲ್ಲಿ ಈ ವಾರ ಒಂದು ತೆಗೆದು ಟ್ಯಾಗ್ ಮಾಡಿ, ಎಲ್ಲಾನೂ ಸ್ಟೋರಿಗೆ ಹಾಕ್ತೀನಿ.

#ಹರವೆ #ಚಾಮರಾಜನಗರ #ಗುಂಡ್ಲುಪೇಟೆ #ಇರೋದ್ರಲ್ಲೇತೆಗಿ