ಹೆಲ್ಮೆಟ್ ಒಳಗಿನ ಹಲೋ

ಮೊದಲೇ ಹೇಳಿಬಿಡ್ತೀನಿ, ನಾನೂ ಇದನ್ನ ಮಾಡಿದವನೇ. ಹೆಲ್ಮೆಟ್‌ಗೂ ಕಿವಿಗೂ ನಡುವೆ ಫೋನ್ ತುರುಕಿಕೊಂಡು ಧಾರವಾಡದಿಂದ ಹುಬ್ಬಳ್ಳಿವರೆಗೆ ಮಾತಾಡ್ತಾ ಬರೋದು. ಎರಡೂ ಕೈ ಹ್ಯಾಂಡಲ್ ಮೇಲೇ ಇರ್ತಾವಲ್ಲ, ಮತ್ತೇನು ತೊಂದರೆ ಅಂತ ವಾದ ಬೇರೆ.

ಹೋದ ಸೆಮಿಸ್ಟರ್‌ನಲ್ಲಿ ಒಂದು ಬೆಳಿಗ್ಗೆ ಸತ್ತೂರು ದಾಟಿ ರಾಯಾಪುರದ ಹತ್ತಿರ ಬರ್ತಿದ್ದೆ. ಗೆಳೆಯನ ಫೋನ್ ಬಂತು.

"ಎಲ್ಲಿ ಅದೀಲೇ? ಅಟೆಂಡೆನ್ಸ್ ತಗೊಳ್ಳಾಕತ್ತಾರ."

"ರಾಯಾಪುರ..." ಅನ್ನುವಷ್ಟರಲ್ಲಿ ಎದುರಿಗೆ ಒಬ್ಬ ಅಜ್ಜಿ. ಚಿಗರಿ ಬಸ್ ಹತ್ತೋಕೆ ರಸ್ತೆ ದಾಟ್ತಿದ್ದರು. ಬ್ರೇಕ್ ಹಿಡಿದೆ, ಹಿಂದಿನ ಗಾಲಿ ಜಾರಿತು, ಗಾಡಿ ಅವರಿಂದ ಒಂದು ಗೇಣು ದೂರದಲ್ಲಿ ನಿಂತಿತು. ಗಾಬರಿಗೆ ಅವರ ಕೈಚೀಲ ಬಿದ್ದು ಟೊಮೆಟೊ ಎಲ್ಲ ರಸ್ತೆ ಮೇಲೆ. ನಾನು ಆರಿಸಿ ಕೊಡ್ತಿದ್ದರೆ ಹೆಲ್ಮೆಟ್ ಒಳಗಿಂದ ಇನ್ನೂ "ಹಲೋ, ಹಲೋ" ಅಂತ ಕೇಳ್ತಾನೇ ಇತ್ತು. ಅಜ್ಜಿ ಬೈಯಲಿಲ್ಲ. "ಸಾವಕಾಶ ಹೋಗೋ ತಮ್ಮಾ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಬಿಆರ್‌ಟಿಎಸ್ ರಸ್ತೆಯಲ್ಲಿ ಬಸ್ ಸ್ಟೇಷನ್ ಇರೋದು ನಡುವೆ. ಹತ್ತೋರು, ಇಳಿಯೋರು ನಮ್ಮ ಲೇನ್ ದಾಟಲೇಬೇಕು. ನಾವೋ, ರಸ್ತೆ ಅಗಲ ಇದೆ ಅಂತ 60ರಲ್ಲಿ ಹೊಡೀತೀವಿ. 60 ಅಂದ್ರೆ ಸೆಕೆಂಡಿಗೆ 16.7 ಮೀಟರ್. ಸ್ಕ್ರೀನ್ ಕಡೆ 2 ಸೆಕೆಂಡ್ ನೋಡಿದ್ರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಆದರೆ ಅವತ್ತು ನಾನು ಸ್ಕ್ರೀನ್ ನೋಡಿರಲೇ ಇಲ್ಲ. ಕಣ್ಣು ರಸ್ತೆ ಮೇಲೇ ಇತ್ತು, ತಲೆ ಕ್ಲಾಸಿನಲ್ಲಿತ್ತು. ಅದಕ್ಕೇ "ಬ್ಲೂಟೂತ್ ಹಾಕ್ಕೋ" ಅನ್ನೋ ಸಲಹೆ ನನಗೆ ಒಪ್ಪಿಗೆ ಇಲ್ಲ.

ಕಾನೂನು ಅಂದ್ರೆ ನಮಗೆ ಗೊತ್ತಿರೋದು ದಂಡದ ರಸೀದಿ ಮಾತ್ರ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸೋದು ಅಪಾಯಕಾರಿ ಚಾಲನೆ. ಮೊದಲ ಸಲ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಲೈಸೆನ್ಸ್ ಕೂಡ ಅಮಾನತಾಗಬಹುದು. ದಾರಿ ನೋಡೋಕೆ ಮಾತ್ರ, ಗಮನ ತಪ್ಪದ ಹಾಗೆ ಬಳಸಬಹುದು ಅಂತ 2020ರಲ್ಲಿ ನಿಯಮ ಬಂದಿದೆ. ಹೆಲ್ಮೆಟ್‌ನಲ್ಲಿ ಸಿಕ್ಕಿಸಿದ್ದು "ಕೈಯಲ್ಲಿ ಹಿಡಿದದ್ದು" ಹೌದೋ ಅಲ್ಲವೋ ಅಂತ ಹಾಸ್ಟೆಲ್‌ನಲ್ಲಿ ಲಾಯರ್‌ಗಿರಿ ಮಾಡೋರಿದ್ದಾರೆ. ಆ ಅಜ್ಜಿಗೆ ಅದರಿಂದ ಏನಾಗಬೇಕು?

ಅವತ್ತು ಆ ಒಂದು ಗೇಣು ಇಲ್ಲದೇ ಇದ್ದಿದ್ದರೆ ಮಾತು ದಂಡದಲ್ಲಿ ಮುಗೀತಿರಲಿಲ್ಲ. ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್. ಹಳೇ ಐಪಿಸಿಯಲ್ಲಿ 2 ವರ್ಷವರೆಗೆ ಇದ್ದ ಶಿಕ್ಷೆ 2024ರ ಜುಲೈ 1ರಿಂದ 5 ವರ್ಷದವರೆಗೆ. ಕೇಸ್ ನಡೀತಾ ಇದ್ದರೆ ಪಾಸ್‌ಪೋರ್ಟ್‌ಗೂ ತೊಡಕು. ಎಂಎಸ್ ಕನಸು ಕಾಣೋರು ಗಮನಿಸಿ. ಇನ್ನು ನಮ್ಮ ಬಹುತೇಕರ ಗಾಡಿ ಇರೋದು ಅಪ್ಪನ ಹೆಸರಲ್ಲಿ. ಪರಿಹಾರದ ದಾವೆಯಲ್ಲಿ ಮಾಲೀಕರೂ ನಿಲ್ಲಬೇಕು, ಇನ್ಶೂರೆನ್ಸ್ ಮುಗಿದಿದ್ದರೆ ದುಡ್ಡು ಅವರೇ ಕಟ್ಟಬೇಕು.

ತಪ್ಪು ಎತ್ತಿದವರದ್ದು ಮಾತ್ರ ಅಲ್ಲ, ಗೊತ್ತಿದ್ದೂ ಮಾತು ಬೆಳೆಸುವವರದ್ದೂ ಹೌದು. ನಮ್ಮ ಗ್ಯಾಂಗ್‌ನಲ್ಲಿ ಈಗ ಮೊದಲ ಪ್ರಶ್ನೆ "ಗಾಡಿ ಮ್ಯಾಲ ಅದೀ ಏನು?" ಹೌದು ಅಂದ್ರೆ ಕಟ್. ಅವ್ವನ ಜೊತೆ ಇದು ನಡೆಯಲ್ಲ, ಎತ್ತದಿದ್ದರೆ ಗಾಬರಿಯಾಗಿ ಮತ್ತೆ ಮತ್ತೆ ಮಾಡ್ತಾಳೆ. ಹಾಗಾಗಿ ಹೊರಡೋ ಮುಂಚೆ "ಹೊಂಟೀನಿ, 40 ನಿಮಿಷ" ಅಂತ ಮೆಸೇಜ್ ಹಾಕಿ ಫೋನನ್ನ ಬ್ಯಾಗಿನ ತಳಕ್ಕೆ ಹಾಕ್ತೀನಿ.