ಕೇಳದೆ ಎಳೆದ ಗೆರೆ

ಜನರನ್ನು ಕೇಳಿ ನಾಡು ಕಟ್ಟಬೇಕೆಂಬ ಮಾತು ಎಲ್ಲರಿಗೂ ಒಪ್ಪಿಗೆ. ಯಾವ ಜನರನ್ನು ಎಂದು ವಿಚಾರಿಸಿದರೆ ಮಾತ್ರ ಗಡಿಯ ಊರುಗಳ ಹೆಸರು ಯಾರ ಬಾಯಲ್ಲೂ ಬಾರದು. ದಶಕಗಳ ಅಂತರ್ಯುದ್ಧದಲ್ಲಿ ಬೆಂದ ದಕ್ಷಿಣ ಸುಡಾನ್ 2011ರ ಜನವರಿಯಲ್ಲಿ ಮತ ಹಾಕಿತು. ನೂರಕ್ಕೆ 98ಕ್ಕೂ ಹೆಚ್ಚು ಮತ ಸ್ವಾತಂತ್ರ್ಯಕ್ಕೆ. ತಾನು ಯಾವ ಕಡೆಗೆಂದು ಆಗಲೇ ಹೇಳಬೇಕಿದ್ದ ಗಡಿಪ್ರದೇಶ ಅಬಿಯೆಯಲ್ಲಿ ಮಾತ್ರ ಆ ಮತದಾನ ನಡೆಯಲಿಲ್ಲ. ಅಲ್ಲಿನ ನಿವಾಸಿಗಳು ಯಾರೆಂಬ ಜಗಳವೇ ಮುಗಿಯಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಜಹೀರಾಬಾದ್, ನಾರಾಯಣಖೇಡ್, ತಾಂಡೂರು. 1956ರ ನವೆಂಬರ್ 1ರವರೆಗೆ ಮೊದಲೆರಡು ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗದ್ದು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಅವನ್ನು ಆಂಧ್ರಕ್ಕೆ ಕೊಟ್ಟಿತು. ಜಹೀರಾಬಾದಿನ ನಿರ್ಣಾ ಸರ್ಕಲನ್ನು ಈಚೆಗೆ ಉಳಿಸಿ, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲನ್ನು ಆಚೆಗೆ ಕತ್ತರಿಸಿದರು. ಇಷ್ಟು ಸೂಕ್ಷ್ಮವಾಗಿ ಕತ್ತರಿಸಲು ಪುರುಸೊತ್ತಿದ್ದವರಿಗೆ ಜನರನ್ನು ಒಂದು ಮಾತು ಕೇಳಲು ಪುರುಸೊತ್ತಿರಲಿಲ್ಲ. ಆ ಕತ್ತರಿಯ ಪರಿಚಯ ಕಾಸರಗೋಡಿನ ನಮಗೂ ಚೆನ್ನಾಗಿಯೇ ಇದೆ.

ತೆಲಂಗಾಣದವರ ದೂರೂ ಇದೇ ಆಗಿತ್ತು. ಹೈದರಾಬಾದ್ ಬೇರೆಯೇ ರಾಜ್ಯವಾಗಿರಲಿ, 1961ರ ಸುಮಾರಿನ ಚುನಾವಣೆಯ ಬಳಿಕ ಅದರ ವಿಧಾನಸಭೆಯ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ಆಂಧ್ರದೊಡನೆ ಸೇರಲಿ ಎಂದು 1955ರಲ್ಲಿ ಫಜಲ್ ಅಲಿ ಆಯೋಗ ಹೇಳಿತ್ತು. ಕೇಳಲೇ ಇಲ್ಲ. 1969ರಲ್ಲಿ ಗುಂಡಿಗೆ ಬಿದ್ದ ವಿದ್ಯಾರ್ಥಿಗಳು, 2009ರ ನಂತರ ಜೀವ ಕಳೆದುಕೊಂಡ ಹುಡುಗರು, ಇಷ್ಟೆಲ್ಲ ಆಗಿ 2014ರ ಜೂನ್ 2ರಂದು ರಾಜ್ಯವಾಯಿತು. ನ್ಯಾಯವೇ. ಆದರೆ ಹೊಸ ರಾಜ್ಯ ತನ್ನ ಪಶ್ಚಿಮದ ಗೆರೆಯನ್ನು ಹಾಗೆಯೇ ಇಟ್ಟುಕೊಂಡಿತು. ಆಂಧ್ರದೊಡನೆ ಕೇಳದೆ ಕಟ್ಟಿದ್ದು ಅನ್ಯಾಯ, ತೆಲಂಗಾಣದೊಡನೆ ಕೇಳದೆ ಕಟ್ಟಿದ್ದು ಇತಿಹಾಸ! ಇದು ಯಾವ ನ್ಯಾಯಶಾಸ್ತ್ರ?

ಗಡಿ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರಿಗೆ ಕೊಡಿ ಎಂದ 1967ರ ಮಹಾಜನ ವರದಿಯನ್ನು ಕಾದು ಕಾದು ನಮ್ಮ ಹಿರಿಯರು ಕಣ್ಣು ಮುಚ್ಚಿದರು. ನಾನು ಕೇಳುವುದು ಶಾಲೆಯನ್ನು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಯತ್ನಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು ಅದೇ 1956ರಲ್ಲಿ. ಗೆರೆ ಎಳೆದ ವರ್ಷವೇ ಕೊಟ್ಟ ಮಾತು ಅದು. ಕೇರಳ 2017ರಲ್ಲಿ ಮಲಯಾಳವನ್ನೂ ತೆಲಂಗಾಣ 2018ರಲ್ಲಿ ತೆಲುಗನ್ನೂ ಶಾಲೆಗಳಲ್ಲಿ ಕಡ್ಡಾಯ ಮಾಡಿದವು. (ಕರ್ನಾಟಕ 2015ರಲ್ಲೇ ಕನ್ನಡಕ್ಕೆ ಕಾಯ್ದೆ ತಂದಿದೆ, ನಮ್ಮವರೇನೂ ಸಾಚಾ ಅಲ್ಲ.) ರಾಜ್ಯಭಾಷೆ ಕಲಿಯಲು ತಕರಾರಿಲ್ಲ. ಮಂಜೇಶ್ವರದ ಮಗು ಮಲಯಾಳವನ್ನು, ತಾಂಡೂರಿನ ಮಗು ತೆಲುಗನ್ನು ಪೇಟೆಯಲ್ಲೇ ಅರ್ಧ ಕಲಿತಿರುತ್ತದೆ. ಕನ್ನಡ ಓದಿಸಲು ಮಾತ್ರ ಮಾಷ್ಟ್ರು ಬೇಕು, ಅವರ ಹುದ್ದೆ ತುಂಬಬೇಕು, ಪುಸ್ತಕ ಜೂನ್‌ನಲ್ಲೇ ಬರಬೇಕು.

2023ರ ಡಿಸೆಂಬರಿನಲ್ಲಿ ತೆಲಂಗಾಣದ ಮುಖ್ಯಮಂತ್ರಿಯಾದ ರೇವಂತ ರೆಡ್ಡಿಯವರನ್ನು ಗೆಲ್ಲಿಸಿದ ಕೊಡಂಗಲ್ ಕೂಡ 1956ರವರೆಗೆ ಗುಲ್ಬರ್ಗ ಜಿಲ್ಲೆಯದೇ. ಈ ಊರುಗಳ ವಿಳಾಸ ಗೊತ್ತಿಲ್ಲವೆಂದು ಹೈದರಾಬಾದ್ ಹೇಳುವಂತಿಲ್ಲ.